ಆರು ಗಂಟೆಗೂ ಸರಿ

ತಿಂಗಳ ಹದಿನಾಲ್ಕನೇ ತಾರೀಕು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕೊರಳಲ್ಲಿ ಹೊಲಿಗೆಯವರ ಅಳತೆ ಪಟ್ಟಿ ನೇತಾಡುತ್ತಿತ್ತು. ಅದನ್ನು ತೆಗೆದಿಡುವುದನ್ನೂ ಮರೆತು ಬಸ್ಸು ಹತ್ತಿದ್ದಳು.

ಠಾಣೆಯಲ್ಲಿ ಆಗ ಇದ್ದದ್ದು ಇಬ್ಬರು. ಒಬ್ಬ ರೈಟರ್, ಅಂದರೆ ದೂರು, ದಿನಚರಿ, ಕಾಗದಪತ್ರ ಎಲ್ಲವನ್ನೂ ಬರೆಯುವ ಹೆಡ್ ಕಾನ್‌ಸ್ಟೇಬಲ್. ಇನ್ನೊಬ್ಬ ಕಾನ್‌ಸ್ಟೇಬಲ್, ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಯಾರ ಎಂದು. ಕೈಗಡಿಯಾರ ನೋಡದೆ ಒಂದು ಅಕ್ಷರ ಬರೆಯುವವನಲ್ಲ. ಊಟಕ್ಕೆ ಏಳುವಾಗಲೂ "ಒಂದು ಐವತ್ತೆರಡು" ಎಂದು ಸಾರಿಯೇ ಏಳುವ ಆಸಾಮಿ.

"ನಮ್ಮ ಯಜಮಾನ್ರು ಫೋನ್ ಎತ್ತುತಾ ಇಲ್ಲ," ಎಂದಳು ಹೆಂಗಸು.

"ಎಷ್ಟು ದಿನದಿಂದ?" ರೈಟರ್ ಪೆನ್ನು ತೆಗೆದ.

"ಒಂದೂವರೆಯಿಂದ."

ರೈಟರ್ ಪೆನ್ನು ಕೆಳಗಿಟ್ಟ. "ಏನು ಕೆಲಸ ಮಾಡ್ತಾರೆ?"

"ಸೆಕ್ಯೂರಿಟಿ. ರಟ್ಟಿನ ಪೆಟ್ಟಿಗೆ ಮಾಡೋ ಕಾರ್ಖಾನೇಲಿ. ಭಾನುವಾರ ಅಲ್ಲಿ ನರಪಿಳ್ಳೆ ಇರಲ್ಲ, ಇವರೊಬ್ಬರೇ."

"ಕಣ್ಣು ಹತ್ತಿರಬೇಕು ಬಿಡಮ್ಮ."

"ಹನ್ನೆರಡು ವರ್ಷದಿಂದ ಒಂದೂವರೆಗೆ ಡಬ್ಬಿ ಬಿಚ್ಚಿ ಫೋನ್ ಮಾಡ್ತಾರೆ. ಉಪ್ಪು ಕಡಿಮೆ ಅಂತಾದ್ರೂ ಹೇಳದಿದ್ರೆ ಅವರಿಗೆ ಅನ್ನ ಇಳಿಯಲ್ಲ. ಇವತ್ತು ಮಾಡಲಿಲ್ಲ. ನಾನೇ ಇಪ್ಪತ್ತು ಸಲ ಮಾಡಿದೆ."

"ಅವರ ಕಂಪನಿಯವರನ್ನ ಕೇಳಿದ್ರಾ?"

"ಕೇಳಿದೆ. ಎರಡು ಗಂಟೆಗೆ ಸರಿಯಾಗಿದ್ದಾರೆ ಅಂದ್ರು. ಸರಿಯಾಗಿದ್ರೆ ನನ್ನ ಫೋನ್ ಯಾಕೆ ಎತ್ತಲ್ಲ?"

ರೈಟರ್ ಕೆಟ್ಟವನಲ್ಲ. ಅವಳಿಗೆ ಕುಡಿಯಲು ನೀರು ಕೊಟ್ಟ, ನಂಬರ್ ಕೇಳಿ ಏಜೆನ್ಸಿಯ ಕಂಟ್ರೋಲ್ ರೂಮಿಗೆ ತಾನೇ ಫೋನ್ ಮಾಡಿದ. ಆ ಏಜೆನ್ಸಿಯ ಪದ್ಧತಿ ಹೀಗಿತ್ತು: ನಲವತ್ತೊಂದು ಜಾಗದಲ್ಲಿ ನಲವತ್ತೊಂದು ಕಾವಲುಗಾರರು, ಒಂದೊಂದು ಕಡೆ ಒಬ್ಬೊಬ್ಬರೇ. ಪ್ರತಿ ಗಂಟೆ ಹೊಡೆದಾಗ ಪ್ರತಿಯೊಬ್ಬನೂ ಕಂಟ್ರೋಲ್ ರೂಮಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ರಿಂಗಾಯಿತೆಂದರೆ ಆಳು ನೆಟ್ಟಗಿದ್ದಾನೆ ಎಂದು ಲೆಕ್ಕ. ಅಲ್ಲಿ ಕೂತ ಆಪರೇಟರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಸರಿ" ಎಂದು ಬರೆದುಕೊಳ್ಳುತ್ತಾನೆ.

"ಮೂರು ಗಂಟೆಗೂ ಸರಿ ಅಂತ ಇದೆ ಸಾರ್," ಎಂದಿತು ಆ ಕಡೆಯ ದನಿ.

ರೈಟರ್ ಠಾಣಾ ದಿನಚರಿಯಲ್ಲಿ ಬರೆದ: "15-25. ವಿಚಾರಿಸಲಾಗಿ ಸದರಿ ವ್ಯಕ್ತಿಯು ಕರ್ತವ್ಯದ ಸ್ಥಳದಲ್ಲಿ ಸುರಕ್ಷಿತವಾಗಿರುವುದು ಖಚಿತಪಟ್ಟಿದೆ." ಆಮೇಲೆ ಹೆಂಗಸಿಗೆ ಮನೆಗೆ ಹೋಗಲು ಹೇಳಿದ. ಅವಳು ಹೋಗಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಒಂದು ಗಂಟೆ ಕಳೆದಳು.

ನಾಲ್ಕೂವರೆಗೆ ಇನ್ಸ್‌ಪೆಕ್ಟರ್ ಯಾವುದೋ ಸಭೆಯ ಬಂದೋಬಸ್ತು ಮುಗಿಸಿ ಬಂದರು. ಬೆಂಚಿನ ಮೇಲಿದ್ದವಳನ್ನು ಕಂಡು ಏನೆಂದು ಕೇಳಿದರು. ರೈಟರ್ ದಿನಚರಿ ತೋರಿಸಿದ.

"ಫೋನಲ್ಲಿ ಮಾತಾಡಿದ್ದು ಯಾರು? ಆ ಮನುಷ್ಯನೇನಾ?"

"ಅಲ್ಲ ಸಾರ್, ಕಂಟ್ರೋಲ್ ರೂಮಿನವನು."

"ಅವನು ಅವರನ್ನ ನೋಡಿದ್ದಾನಾ?"

ಹೋಗಿ ನೋಡಿ ಬಾ ಎಂದು ಇನ್ಸ್‌ಪೆಕ್ಟರ್ ಗಡಿಯಾರನಿಗೆ ಹೇಳಿದರು. ಗಡಿಯಾರ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟಾಗ ನಾಲ್ಕು ಮೂವತ್ತೆರಡು.

ಕಾರ್ಖಾನೆ ಒಂಬತ್ತು ಕಿಲೋಮೀಟರ್ ದೂರ. ರಸ್ತೆ ಅದರ ಬಾಗಿಲಿಗೇ ಬಂದು ಮುಗಿಯುತ್ತದೆ, ಹಾಗಾಗಿ ಕೆಲಸವಿಲ್ಲದೆ ಆ ಕಡೆ ಯಾರೂ ಹಾಯುವುದಿಲ್ಲ. ನಾಲ್ಕು ಐವತ್ತೈದಕ್ಕೆ ಅವರು ತಲುಪಿದರು. ಗೇಟು ಇರಬೇಕಾದಲ್ಲಿ ಇರಲಿಲ್ಲ. ಹಳಿಯ ಮೇಲೆ ಪಕ್ಕಕ್ಕೆ ಉರುಳುವ, ಹದಿನೆಂಟು ಅಡಿ ಉದ್ದದ ಕಬ್ಬಿಣದ ಗೇಟು ಅಂಗಳದ ಒಳಕ್ಕೆ ಮಗುಚಿ ಬಿದ್ದಿತ್ತು. ಅದರ ಕೆಳಗೆ, ಸೊಂಟದವರೆಗೆ ಸಿಕ್ಕಿಕೊಂಡು, ಕಾವಲುಗಾರ ಅಂಗಾತ ಬಿದ್ದಿದ್ದ. ಸೀಟಿ ಹಲ್ಲುಗಳ ನಡುವೆಯೇ ಇತ್ತು.

ಇಬ್ಬರೂ ಸೇರಿ ಗೇಟು ಎತ್ತಲು ನೋಡಿದರು. ಒಂದು ಗೇಣೂ ಏಳಲಿಲ್ಲ. ಅದಕ್ಕೆ ಆಮೇಲೆ ಏಳು ಜನ ಬೇಕಾದರು. ಹೆಂಗಸು ಮಂಡಿಯೂರಿ ಗಂಡನ ಕೆನ್ನೆ ಮುಟ್ಟಿದಳು, ಕೊರಳು ಮುಟ್ಟಿದಳು.

"ಇನ್ನೂ ಬೆಚ್ಚಗಿದ್ದಾರೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ಕೇಳಿದಳು: "ನಾನು ನಿಮ್ಮ ಬೆಂಚಿನ ಮೇಲೆ ಕೂತಿದ್ದಾಗ ಇವರು ಬದುಕಿದ್ರಾ?"

ಗಡಿಯಾರ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡ. ಆಮೇಲೆ ಠಾಣೆಗೆ ಫೋನ್ ಹಚ್ಚಿದ.

ಇನ್ಸ್‌ಪೆಕ್ಟರ್ ಐದು ಹದಿನೈದಕ್ಕೆ ಬಂದರು. ಅವಳು ಅವರಿಗೂ ಅದೇ ಪ್ರಶ್ನೆ ಹಾಕಿದಳು. "ತಿಳ್ಕೊಂಡು ಹೇಳ್ತೀನಮ್ಮ," ಎಂದರು ಅವರು. ಹಾಗೆಂದುಬಿಟ್ಟರಲ್ಲ, ಮುಂದಿನ ಎಂಟು ದಿನ ಆ ಮಾತು ಅವರ ಬೆನ್ನು ಬಿಡಲಿಲ್ಲ.

ಅಕ್ಕಪಕ್ಕದ ಬೀದಿಯಿಂದ ಇಬ್ಬರು ಪಂಚರನ್ನು ಕರೆಸಿ, ಐದು ಇಪ್ಪತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮೇಜು. ಮೇಜಿನ ಮೇಲೆ ಚಾರ್ಜಿಗೆ ಹಾಕಿದ ಫೋನು; ಬಿದ್ದವನಿಂದ ಹನ್ನೊಂದು ಹೆಜ್ಜೆ ದೂರ. ಊಟದ ಡಬ್ಬಿ ಬಿಚ್ಚಿರಲಿಲ್ಲ. ವಾಹನಗಳ ಪುಸ್ತಕದಲ್ಲಿ ಕೊನೆಯ ಬರಹ: "11-35, ಕಾಗದದ ಸುರುಳಿ ಇಳಿಸಿದ ಲಾರಿ ಹೊರಕ್ಕೆ." ಲಾರಿ ಹೋದ ಮೇಲೆ ಗೇಟು ಎಳೆದು ಮುಚ್ಚಲು ಹೋಗಿದ್ದಾನೆ. ಗೇಟು ಹಳಿಯ ತುದಿ ದಾಟದ ಹಾಗೆ ತಡೆಯುವ ಕಬ್ಬಿಣದ ತುಂಡು ಅಲ್ಲಿ ಇರಲಿಲ್ಲ. ಗೋಡೆಯಲ್ಲಿ ಎರಡು ತೂತು ಮಾತ್ರ ಇದ್ದವು.

ಪಾಳಿ ಬದಲಾಗುವಾಗ ಬರೆಯುವ ಪುಸ್ತಕವನ್ನೂ ತಿರುವಿ ನೋಡಿದರು. "ಗೇಟಿನ ತಡೆ ಕಿತ್ತುಹೋಗಿದೆ, ದಯವಿಟ್ಟು ಹಾಕಿಸಿ." ಹಿಂದಿನ ತಿಂಗಳು ಇಪ್ಪತ್ತಾರರಿಂದ ಹಿಡಿದು ಹನ್ನೊಂದು ಸಲ, ಅದೇ ದುಂಡನೆಯ ಅಕ್ಷರ. ಕೊನೆಯ ಮೂರು ಸಲ "ದಯವಿಟ್ಟು" ಎರಡೆರಡು ಬಾರಿ ಇತ್ತು. ಕಾರ್ಖಾನೆಯೊಳಗೆ ಮೂರು ಕ್ಯಾಮೆರಾ. ಮೂರೂ ರಟ್ಟಿನ ರಾಶಿಯ ಕಡೆಗೆ. ಗೇಟಿನ ಕಡೆಗೆ ಒಂದೂ ಇಲ್ಲ. ರಟ್ಟನ್ನು ಕಾಯಲು ಮೂರು ಕಣ್ಣು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನನ್ನು ನೋಡಲು ಯಾರೂ ಇಲ್ಲ.

ಆದರೆ ಒಂದು ಗಂಟು ಬಿಚ್ಚಲಿಲ್ಲ. ಹನ್ನೊಂದು ಮುಕ್ಕಾಲಿನ ಸುಮಾರಿಗೆ ಗೇಟು ಬಿದ್ದಿದ್ದರೆ ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ, ಮೂರಕ್ಕೆ ಈ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟವರು ಯಾರು? ಇನ್ನೊಬ್ಬ ಇಲ್ಲಿದ್ದನೇ? ಇದ್ದುಕೊಂಡು, ಈ ಮನುಷ್ಯ ನರಳುವುದನ್ನು ನೋಡುತ್ತ, ಗಂಟೆಗೊಮ್ಮೆ ಎಲ್ಲ ಸರಿಯಿದೆ ಎಂದು ತಿಳಿಸುತ್ತಿದ್ದನೇ? ಹಾಗಿದ್ದರೆ ಇದು ಕೊಲೆ. ಕಂಟ್ರೋಲ್ ರೂಮಿನ ಪುಸ್ತಕ ವಶಪಡಿಸಿಕೊಂಡು ಬಾ ಎಂದು ಅವರು ಗಡಿಯಾರನನ್ನು ಅಟ್ಟಿದರು.

ಹೆಚ್ಚು ಹೊತ್ತಾಗಲಿಲ್ಲ, ಅವನ ಫೋನು ಬಂತು.

"ಸಾರ್, ಪುಸ್ತಕ ಸಿಕ್ತು. ನಾಲ್ಕಕ್ಕೆ ಸರಿ. ಐದಕ್ಕೂ ಸರಿ."

"ಐದಕ್ಕೆ ನೀನು ಹೆಣದ ಪಕ್ಕದಲ್ಲೇ ಇದ್ದೆಯಲ್ಲಪ್ಪ."

"ಇದ್ದೆ ಸಾರ್. ಆರು ಗಂಟೆಗೂ ಸರಿ ಅಂತ ಇದೆ."

"ಈಗ ಗಂಟೆ ಎಷ್ಟು?"

"ಐದು ನಲವತ್ತೊಂದು."

ಇನ್ಸ್‌ಪೆಕ್ಟರ್ ಫೋನ್ ಇಟ್ಟರು. ಅಂಗಳದಲ್ಲಿ ಆಗಷ್ಟೇ ಏಳು ಜನ ಸೇರಿ ಗೇಟು ಎತ್ತುತ್ತಿದ್ದರು. ಕೊಲೆಗಾರ ಇಲ್ಲ ಎಂದು ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಕಾರ್ಖಾನೆಯ ಹಿಂಗೋಡೆಗೆ ಅಂಟಿದಂತೆ ಒಂದು ಗೋದಾಮು. ಅದರ ಬಾಗಿಲು ಇನ್ನೊಂದು ಬೀದಿಗೆ. ಅಲ್ಲಿ ಕಾವಲಿದ್ದವನು ಅರವತ್ತು ದಾಟಿದ ಮುದುಕ, ಅದೇ ಏಜೆನ್ಸಿಯವನು, ಅವನೂ ಒಂಟಿ. ಆರೂವರೆಗೆ ಇನ್ಸ್‌ಪೆಕ್ಟರ್ ಅವನ ಮುಂದೆ ನಿಂತರು.

"ಅಜ್ಜಾ, ಇವತ್ತು ಏನಾದ್ರೂ ಶಬ್ದ ಕೇಳಿಸ್ತಾ?"

"ಮಧ್ಯಾಹ್ನದ ಒಳಗೆ ಏನೋ ದಡಾರ್ ಅಂತು ಸಾರ್. ಲಾರಿ ಸಾಮಾನು ಇಳಿಸ್ತಿದ್ದಾರೆ ಅಂದ್ಕೊಂಡೆ."

"ಆಮೇಲೆ?"

"ಸೀಟಿ."

"ಎಷ್ಟು ಸಲ?"

"ಊದ್ತಾನೇ ಇದ್ದ ಸಾರ್. ಬಿಟ್ಟು ಬಿಟ್ಟು. ಅವನು ಯಾವಾಗಲೂ ಸೀಟಿ ಊದೇ ನಾಯಿ ಓಡಿಸೋದು. ಇವತ್ತು ನಾಯಿ ಕಾಟ ಜಾಸ್ತಿ ಅಂದ್ಕೊಂಡೆ."

"ಕೊನೇ ಸಲ ಕೇಳಿಸಿದ್ದು?"

"ಮೂರೂವರೆ ಆದ್ಮೇಲೆ. ನಾಲ್ಕಕ್ಕೆ ಕಾಲ್ ಕೊಡೋಕೆ ಫೋನ್ ಹುಡುಕ್ತಾ ಇದ್ದೆ, ಅದಕ್ಕೆ ಸ್ವಲ್ಪ ಮುಂಚೆ. ತೀರಾ ಸಣ್ಣಗೆ ಕೇಳಿಸ್ತು."

"ಹೋಗಿ ನೋಡಬೇಕು ಅನ್ನಿಸಲಿಲ್ವಾ?"

ಮುದುಕ ತನ್ನ ಗೇಟನ್ನೇ ನೋಡಿದ. "ಜಾಗ ಬಿಟ್ಟು ಹೋದ್ರೆ ಮೆಮೊ ಕೊಡ್ತಾರೆ ಸಾರ್. ನನಗೆ ಆಗಲೇ ಎರಡಾಗಿದೆ. ಮೂರಾದ್ರೆ ಮನೆಗೆ." ಅವನು ಹಿಂಗೋಡೆಯ ಕಡೆ ತಿರುಗಿದ. "ನಾಯಿ ಅಂದ್ಕೊಂಡೆ ಸಾರ್. ದೇವರಾಣೆಗೂ ನಾಯಿ ಅಂದ್ಕೊಂಡೆ."

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮರಣೋತ್ತರ ಪರೀಕ್ಷೆಯ ಮೊದಲ ಮಾಹಿತಿ ಬಂತು. ತಲೆಗೆ, ಎದೆಗೆ ಪೆಟ್ಟಿಲ್ಲ. ಸೊಂಟದ ಮೂಳೆ ಮುರಿದು ಒಳಗೇ ರಕ್ತ ಹರಿದಿದೆ, ನಿಧಾನವಾಗಿ. ಜೀವ ಹೋದದ್ದು ಮೂರೂವರೆಯಿಂದ ನಾಲ್ಕೂವರೆಯ ನಡುವೆ. "ಎರಡು ಮೂರು ಗಂಟೆ ಮುಂಚೆ ಸಿಕ್ಕಿದ್ದರೆ?" ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ವೈದ್ಯರು "ಉಳಿಸೋಕೆ ನೋಡಬಹುದಿತ್ತು" ಎಂದರು. ಮಧ್ಯಾಹ್ನ ಫೋನಿನ ಕರೆಗಳ ವಿವರ ಸಿಕ್ಕಿತು. ಆ ಫೋನಿನಿಂದ ಹೋದ ಕೊನೆಯ ಮಿಸ್ಡ್ ಕಾಲ್ ಹನ್ನೊಂದು ಗಂಟೆಯದು. ಆಮೇಲೆ ಬರೀ ಬಂದ ಕರೆಗಳು: ಹೆಂಡತಿಯವು ಇಪ್ಪತ್ಮೂರು, ಮೂರು ಮೂವತ್ತೊಂದಕ್ಕೆ ಕಂಟ್ರೋಲ್ ರೂಮಿನಿಂದ ಒಂದು. ಯಾವುದನ್ನೂ ಎತ್ತಿಲ್ಲ.

ಎರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ, ಸುಳ್ಳು ದಾಖಲೆ ಸೃಷ್ಟಿ. ಆರೋಪಿಗಳು ಮೂವರು: ಆಪರೇಟರ್, ಏಜೆನ್ಸಿಯ ಮಾಲೀಕ, ಕಾರ್ಖಾನೆಯ ಮ್ಯಾನೇಜರ್.

ಮ್ಯಾನೇಜರ್ ಹೇಳಿದ್ದು ಇಷ್ಟು: ಕಾವಲುಗಾರ ನಮ್ಮವನಲ್ಲ, ಏಜೆನ್ಸಿಯವನು. ಮಾಲೀಕ ಹೇಳಿದ್ದು ಇಷ್ಟು: ಗೇಟು ನಮ್ಮದಲ್ಲ, ಕಾರ್ಖಾನೆಯದು. ಇಬ್ಬರ ಮಾತೂ ನಿಜವೇ. ನಿಜದ ನಡುವೆ ಒಬ್ಬ ಸತ್ತಿದ್ದ.

"ಕಾಲ್ ಬರದಿದ್ದರೆ ಏನು ಮಾಡಬೇಕು ಅಂತ ನಿಯಮ?" ಇನ್ಸ್‌ಪೆಕ್ಟರ್ ಮಾಲೀಕನನ್ನು ಕೇಳಿದರು.

"ಹದಿನೈದು ನಿಮಿಷದಲ್ಲಿ ಫೀಲ್ಡ್ ಆಫೀಸರ್ ಸ್ಥಳಕ್ಕೆ ಹೋಗಬೇಕು. ಲಿಖಿತ ನಿಯಮ ಇದೆ ಸಾರ್, ತೋರಿಸ್ತೀನಿ."

"ಫೀಲ್ಡ್ ಆಫೀಸರನ್ನ ಕರೀರಿ."

"ಆ ಹುದ್ದೆ ಸದ್ಯಕ್ಕೆ ಖಾಲಿ ಇದೆ."

"ಎಷ್ಟು ದಿನದಿಂದ?"

"ಎಂಟು ತಿಂಗಳು."

ಇಬ್ಬರೂ ಹೇಳಿಕೆಗೆ ರುಜು ಹಾಕಿ, ವಕೀಲರ ಜೊತೆ ಎದ್ದು ಹೋದರು. ಬುಧವಾರ ಸಂಜೆಯೊಳಗೆ ಇಬ್ಬರ ಕೈಯಲ್ಲೂ ನಿರೀಕ್ಷಣಾ ಜಾಮೀನು ಇತ್ತು. ಬಂಧನದಲ್ಲಿ ಉಳಿದದ್ದು ಆಪರೇಟರ್ ಒಬ್ಬನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ರೈಟರ್ ಗೊಣಗಿದ. ಆದರೆ ಈ ಎಮ್ಮೆಯೂ ಪೂರ್ತಿ ನಿರಪರಾಧಿಯಲ್ಲ. ಅದೇ ಕಷ್ಟ.

ಅವನನ್ನು ಬಂಧಿಸಲು ಹೋದದ್ದು ಎಫ್‌ಐಆರ್ ಆದ ಸೋಮವಾರವೇ, ನಾಲ್ಕು ಗಂಟೆಗೆ. ಕಂಟ್ರೋಲ್ ರೂಮ್ ಎಂದರೆ ಮೂರನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಒಂದು ಕುರ್ಚಿ, ಒಂದು ಫೋನು, ಗೋಡೆಯ ಮೇಲೆ ನಲವತ್ತೊಂದು ಜಾಗಗಳ ಪಟ್ಟಿ. ಆಪರೇಟರ್‌ಗೆ ಮೂವತ್ತೈದು ವರ್ಷವಿರಬಹುದು. ಪೊಲೀಸರನ್ನು ಕಂಡು ಎದ್ದು ನಿಂತ, ಓಡಲಿಲ್ಲ, ಅಳಲಿಲ್ಲ. ಸರಿಯಾಗಿ ಗಂಟೆ ಹೊಡೆಯಿತು. ಮೇಜಿನ ಮೇಲಿನ ಫೋನು ರಿಂಗಾಗತೊಡಗಿತು, ನಿಂತಿತು, ಮತ್ತೆ ರಿಂಗಾಯಿತು. ಅವನ ಕೈ ಪೆನ್ನಿನ ಕಡೆಗೆ ಹೋಯಿತು. ಗಡಿಯಾರ ಮೆಲ್ಲಗೆ ಅದನ್ನು ತೆಗೆದಿಟ್ಟ.

"ನಿನ್ನೆ ನಾನು ಎದ್ದು ಹೋಗೋಕೆ ಆಗಲಿಲ್ಲ ಸಾರ್, ಈಗ ಹೋಗಬಹುದು ಅಲ್ವಾ," ಎಂದ ಆಪರೇಟರ್. ವ್ಯಂಗ್ಯವಾಡಿದಂತೆ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ.

ಠಾಣೆಯಲ್ಲಿ ಹೇಳಿಕೆ ಪಡೆದರು.

"ಪುಟ ಯಾವಾಗ ತುಂಬಿಸಿದೆ?"

"ಬೆಳಿಗ್ಗೆ ಹತ್ತಕ್ಕೆ."

"ಎಲ್ಲಿವರೆಗೆ?"

"ಸಂಜೆ ಏಳರವರೆಗೆ."

"ನಲವತ್ತೊಂದು ಜನಕ್ಕೂ?"

"ಹೂಂ."

"ಯಾಕೆ?"

"ಎಲ್ಲರೂ ಒಂದೇ ಸಲ ರಿಂಗ್ ಕೊಡ್ತಾರೆ ಸಾರ್. ಇರೋದು ಒಂದು ಲೈನು. ಅರ್ಧ ಜನಕ್ಕೆ ಬಿಜಿ ಬರುತ್ತೆ. ಬರಲಿಲ್ಲ ಅಂತ ನಾನು ಬರೆದ್ರೆ ಅವರಿಗೆ ಮೆಮೊ. ಮೂರು ಮೆಮೊಗೆ ಕೆಲಸ ಹೋಗುತ್ತೆ. ಲೈನ್ ಬಿಜಿ ಇದ್ದಿದ್ದಕ್ಕೆ ಅವರ ಕೆಲಸ ಯಾಕೆ ಹೋಗಬೇಕು?"

"ಅದಕ್ಕೆ ಎಲ್ಲರಿಗೂ ಸರಿ."

"ನಾನೂ ಆರು ವರ್ಷ ಗೇಟ್ ಕಾದವನೇ ಸಾರ್. ಒಂದು ಸಲ ಜ್ವರ ಬಂದು ಮಲಗಿಬಿಟ್ಟೆ, ಎರಡು ಗಂಟೇಲಿ ಎರಡು ಮೆಮೊ ಬಂತು. ನೋಡೋಕೆ ಮಾತ್ರ ಯಾರೂ ಬರಲಿಲ್ಲ. ಆ ಕುರ್ಚಿ ಸಿಕ್ಕಾಗ, ನನ್ನ ಕೈಯಿಂದ ಯಾರಿಗೂ ಮೆಮೊ ಹೋಗಬಾರದು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಕೇಳಿದರು: "ಅವರ ಹೆಂಡತಿ ಫೋನ್ ಮಾಡಿದಾಗ?"

"ಪುಸ್ತಕ ನೋಡಿದೆ. ಸರಿ ಅಂತ ಇತ್ತು."

"ಅದು ನೀನೇ ಬರೆದದ್ದು."

"ಆ ಹೊತ್ತಿಗೆ ಅದು ನೆನಪಾಗಲಿಲ್ಲ ಸಾರ್. ಬರೆದಿದೆ ಅಂದ್ರೆ ಬಂದಿರಬೇಕು ಅನ್ನಿಸ್ತು."

"ಠಾಣೆಯಿಂದ ಕೇಳಿದಾಗ?"

"ಸರಿ ಅಂತ ಹೇಳಿ ಇಟ್ಟ ಮೇಲೆ ನೆನಪಾಯ್ತು. ಅವರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಕಳಿಸೋಕೆ ಯಾರೂ ಇಲ್ಲ. ನಾನೇ ಹೋದ್ರೆ ಉಳಿದ ನಲವತ್ತು ಜನಕ್ಕೆ ಯಾರು?"

"ವಾಪಸ್ ನಮಗೆ ಫೋನ್ ಮಾಡಬಹುದಿತ್ತಲ್ಲ."

ಆಪರೇಟರ್ ತಲೆ ತಗ್ಗಿಸಿದ. "ಪೊಲೀಸರಿಗೆ ಸುಳ್ಳು ಹೇಳಿದೆ ಅಂತಾಗುತ್ತಲ್ಲ ಸಾರ್. ಹೆದರಿಕೆ ಆಯ್ತು."

ಆಗ ಮೂರು ಮೂವತ್ತೊಂದು. ಹಿಂಗೋಡೆಯಾಚೆಯ ಮುದುಕನಿಗೆ ಇನ್ನೂ ಸೀಟಿ ಕೇಳಿಸುತ್ತಿತ್ತು.

ಗುರುವಾರ ಕಾರ್ಖಾನೆಯವರು ಗೇಟು ನಿಲ್ಲಿಸಿ, ಎರಡೂ ತುದಿಗೆ ಮೊಳದುದ್ದದ ಕಬ್ಬಿಣದ ತಡೆ ಬೆಸುಗೆ ಹಾಕಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ಕಡೆಯೂ ಇದ್ದದ್ದೇ. ಭಾನುವಾರ ಗಡಿಯಾರ ರಜೆಯಲ್ಲಿದ್ದರೂ ಆ ಕಡೆ ಹೋಗಿ ನೋಡಿ ಬಂದ. ಹೊಸ ಕಾವಲುಗಾರ ಬಂದಿದ್ದ. ಒಬ್ಬನೇ. ಗಂಟೆಗೊಂದು ಮಿಸ್ಡ್ ಕಾಲ್.

ಅದೇ ವಾರ ರೈಟರ್ ದೋಷಾರೋಪ ಪಟ್ಟಿಗೆ ಕಾಗದ ಜೋಡಿಸುತ್ತಿದ್ದಾಗ ಇನ್ಸ್‌ಪೆಕ್ಟರ್ ಠಾಣಾ ದಿನಚರಿಯ ಆ ಪುಟದ ನಕಲನ್ನೂ ಸೇರಿಸಲು ಹೇಳಿದರು. ರೈಟರ್ ಮುಖ ಬಾಡಿತು.

"ಇದೂ ಬೇಕಾ ಸಾರ್?"

"ಅವನು ಬರೆದದ್ದನ್ನ ಅವನು ನಂಬಿದ. ನಾವೂ ನಂಬಿ ಇನ್ನೊಂದು ಸಲ ಬರೆದ್ವಿ. ಹಾಕಪ್ಪ."

ರೈಟರ್ ಹಾಕಿದ. ಅವತ್ತು ಅವನು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಇಪ್ಪತ್ತೆರಡನೇ ತಾರೀಕು ಸೋಮವಾರ ಹೊಲಿಗೆಯ ಹೆಂಗಸು ಬಂದಳು. ಸೀಟಿ ಮುದ್ದೆಮಾಲು, ಅದು ನ್ಯಾಯಾಲಯಕ್ಕೆ ಹೋಗಬೇಕು. ಊಟದ ಡಬ್ಬಿ ಮಾತ್ರ ಕೊಡಬಹುದಿತ್ತು. ಗಡಿಯಾರ ಅದನ್ನು ತೊಳೆದು ಒರೆಸಿ ಇಟ್ಟಿದ್ದ. ಅವಳು ಈ ಸಲ ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಇದ್ದಳು.

"ತಿಳ್ಕೊಂಡು ಹೇಳ್ತೀನಿ ಅಂದಿದ್ರಿ," ಎಂದಳು.

ಇನ್ಸ್‌ಪೆಕ್ಟರ್ ಎದುರಿಗೆ ಎರಡು ದಾರಿಯಿತ್ತು. ಗೇಟು ಬಿದ್ದ ಕ್ಷಣದಲ್ಲೇ ಜೀವ ಹೋಯಿತು ಎಂದರೆ ಅವಳು ನಂಬುತ್ತಿದ್ದಳು, ಮನೆಯಲ್ಲಿ ನಾಲ್ಕು ತಾಸು ನಿದ್ದೆಯಾದರೂ ಮಾಡುತ್ತಿದ್ದಳು. ಆದರೆ ಇಲ್ಲದ ಸಮಾಧಾನವನ್ನು ಬರೆದುಕೊಟ್ಟದ್ದರಿಂದಲೇ ಇಷ್ಟೆಲ್ಲ ಆಗಿತ್ತು.

"ಬದುಕಿದ್ರಮ್ಮ," ಎಂದರು. "ನೀವು ಬಂದಾಗ ಬದುಕಿದ್ರು. ನಾಲ್ಕರ ತನಕ ಸೀಟಿ ಊದ್ತಾ ಇದ್ರು."

"ಯಾರಿಗೂ ಕೇಳಿಸಲಿಲ್ವಾ?"

"ಕೇಳಿಸ್ತು."

ರೈಟರ್ ತನ್ನ ಮೇಜಿನ ಮೇಲಿನ ಕಾಗದವನ್ನೇ ನೋಡುತ್ತ ಕೂತಿದ್ದ. ಅವಳು ಅವನ ಕಡೆ ತಿರುಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿದಳು.

"ಆ ಆಪರೇಟರ್ ಯಾಕೆ ಹಂಗೆ ಬರೆದ?"

ಇನ್ಸ್‌ಪೆಕ್ಟರ್ ಹೇಳಿದರು. ಒಂದು ಲೈನಿನ ಫೋನು, ಮೆಮೊ, ಅವನ ಹಳೆಯ ಜ್ವರ, ನಲವತ್ತೊಂದು ಜನ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವನೇನಾ ಇವನು," ಎಂದಳು ಕೊನೆಗೆ. "ಹೋದ ತಿಂಗಳು ಇವರು ಎರಡು ಸಲ ಕಾಲ್ ಕೊಡೋದು ಮರೆತಿದ್ರಂತೆ. ಮೆಮೊ ಬರುತ್ತೆ ಅಂತ ಹೆದರಿದ್ರು, ಬರಲಿಲ್ಲ. ಮನೆಗೆ ಬಂದು ಹೇಳಿದ್ರು, ಕಂಟ್ರೋಲ್ ರೂಮಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಇದ್ದಾನೆ ಕಣೆ, ನಾವು ಮರೆತ್ರೂ ಸರಿ ಅಂತ ಬರ್ಕೋತಾನೆ, ಅವನ ಹೊಟ್ಟೆ ತಣ್ಣಗಿರಲಿ ಅಂತ."

ಗಡಿಯಾರ ಪುಸ್ತಕ ಮುಂದೆ ತಂದಿಟ್ಟ. ಡಬ್ಬಿ ಸಿಕ್ಕಿದೆ ಎಂದು ಅವಳು ಸಹಿ ಮಾಡಿದಳು. ಸಹಿಯ ಪಕ್ಕದಲ್ಲಿ ಸಮಯ ಬರೆಯಬೇಕಿತ್ತು. ಗಡಿಯಾರ ಕೈಗಡಿಯಾರ ನೋಡಿದ, ಮತ್ತೊಮ್ಮೆ ನೋಡಿದ, ಬರೆಯದೆ ಪುಸ್ತಕ ಮುಚ್ಚಿದ.